ಇಪ್ಪತ್ತು ಮೀಟರ್

ಮರಾಠಿಯೊಳಗ ಇದಕ್ಕ ಘರಕುಲ ಅಂತಾರ,
ಗುಬ್ಬಿಗೂಡಿನಂಥ ಸಣ್ಣ ಮನಿ.
ಕನ್ನಡದ ಕಿವಿಗೆ ಕುಲ ಬ್ಯಾರೆ ಕೇಳಸ್ತದ:
ಅರ್ಜಿಯೊಳಗ ಮೊದಲ ಖಾನೆ ಕುಲದ್ದು,
ಘರ ಕೊನಿಗೆ.

ನಾ ಮಲಕಪ್ಪ, ಪಂಚಾಯತಿ ಆಪರೇಟರ್,
ಅಕ್ಕಲಕೋಟ ತಾಲೂಕು.
ಟ್ಯಾಬ್ ನನ್ನ ಕೈಯಾಗ ಅದ ಅಂತ ಮಂದಿ ಸಾಹೇಬ್ರ ಅಂತಾರ.
ಇರೋದು ಬಸ್ ಸ್ಟ್ಯಾಂಡ್ ಹಿಂದಿನ ಬಾಡಿಗಿ ಖೋಲಿಯೊಳಗ.
ಯಾದಿಯೊಳಗ ನನ್ನ ಹೆಸರು ಹುಡಿಕಿಲ್ಲ ಅಂತಲ್ಲ.

ಯಾದಿ ಮೂರು.
ಒಂದು ಮ್ಯಾಲಿಂದ ಬರ್ತದ,
ಒಂದು ಗ್ರಾಮಸಭೆಯೊಳಗ ಓದ್ತಾರ,
ಮೂರನೇದು ಸರಪಂಚನ ಕಿಸೆದಾಗ
ಮಡಚಿ ಮಡಚಿ ನಾಕು ತುಂಡಾಗ್ಯದ.
ಸೋನವ್ವ ಗೋಂಧಳಿ ಮೂರರಾಗೂ ಇದ್ಲು,
ಒಂದರಾಗ ಸೋನಾಬಾಯಿ, ಒಂದರಾಗ ಸುವರ್ಣಾ,
ಒಂದರಾಗ ಗಂಡಸು.
ತಿರಗಿ ಹೆಣ್ಣಾಗಾಕ ಎರಡು ವರ್ಷ ಹಿಡೀತು ಅಕಿಗ,
ಸೋಲಾಪುರಕ್ಕ ಏಳು ಖೇಪು.

ಮೊದಲನೇ ಫೋಟೋ ನಾನ ತಗದಿದ್ದೆ.
ತಗಡು, ಮೂರು ಕಲ್ಲಿನ ಒಲಿ, ಹಳೇ ಬ್ಯಾನರಿನ ಗ್ವಾಡಿ,
ಅದರ ಮ್ಯಾಲೆ ಯಾರೋ ಒಬ್ಬನ ಹುಟ್ಟುಹಬ್ಬಕ್ಕ ಶುಭೇಚ್ಛಾ.
ನಗಬ್ಯಾಡ, ಅಂದಿದ್ದೆ. ನಕ್ಕರ
ಮನಿ ಬೇಕಾದವರಂಗ ಕಾಣಂಗಿಲ್ಲ.
ಅಕ್ಷಾಂಶ ರೇಖಾಂಶ ಬಿತ್ತು, ಬೀಗ ಬಿದ್ದಂಗ.

ಆಮ್ಯಾಲ ಬಾಜೂಕಿನ ಹೊಲದವ ಹಗ್ಗಾ ತಂದು ಅಳದ.
ಒಲಿ ನನ್ನ ಬಾಂದಿನೊಳಗ ಬರ್ತದ ಅಂದ.
ಕಾಗದ ತೋರಸು ಅಂದ್ರ ಸೋನವ್ವ ನೆಲಾ ತೋರಿಸಿದ್ಲು.
ಇಪ್ಪತ್ತು ಮೀಟರ್ ಅತ್ತ, ಗಾಂವಠಾಣದ ಜಾಗಾದಾಗ
ಕಟ್ಟಿಕೋ ಅಂದ್ರು ಹಿರ್ಯಾರು, ಜಗಳ ಯಾಕ.
ಸರದಳು. ಸರಿಯೋದು
ಅವರ ಕುಲಕ್ಕ ಹೊಸಾದಲ್ಲ.

ಎರಡುನೂರಾ ಅರವತ್ತೊಂಬತ್ತು ಚದರ ಫೂಟು.
ನಕ್ಷೆ ಮ್ಯಾಲೆ ಬೆರಳಾಡಿಸಿ ಕೇಳಿದ್ಲು:
ಕಟ್ಟಿ ಎಲ್ಲಿ?
ಕಟ್ಟಿಗೆ ರೊಕ್ಕ ಇಲ್ಲಬೇ.
ಮತ್ತ ಬಂದವರು ಎಲ್ಲಿ ಕುಂದರಬೇಕು?
ಬಂದವರ ಖಾನೆ ನಾ ಹುಡಿಕಿದೆ, ಇದ್ದಿದ್ದಿಲ್ಲ.

ಪಾಯಾ ಆತು, ಒಂದು ಹಪ್ತೆ.
ಲಿಂಟಲ್ ತನಾ ಬಂತು. ಅಲ್ಲಿ ರೊಕ್ಕ ನಿಂತು
ಒಂಬತ್ತು ತಿಂಗಳು ಆಕಾಶದ ಕೆಳಗ
ಬಾಗಲಾ ಹಾಕಿ ಮಲಗಿದ್ಲು ಅಕಿ.
ಬಾಗಲಾ ಯಾಕ ಹಾಕ್ತೀ ಅಂದೆ.
ಮನಿ ಅದ ಅಲ್ರೀ, ಅಂದ್ಲು.

ಛತ್ತು ಬಿತ್ತು. ಗುಲಾಬಿ ಬಣ್ಣಾ.
ಉಳದ ಒಡಕ ಇಟ್ಟಂಗಿಲೆ ಗೌಂಡಿ ದಸ್ತಗೀರ
ಮೊಳದಗಲ ಕಟ್ಟಿ ಕಟ್ಟಿಕೊಟ್ಟ, ಪುಕ್ಕಟ.

ಕಡೀ ಫೋಟೋ. ಹೊಸಾ ಆ್ಯಪು.
ಹಸರು ಸೀರಿ ಉಟಗೊಂಡು ಬಾಗಿಲದಾಗ ನಿಂತ್ಲು.
ಪರದೆ ಕೆಂಪಾತು.
ಏನಂತದರೀ ಅದು?
ನೀ ಇಲ್ಲಿ ಇಲ್ಲ ಅಂತದ.
ಮತ್ತ ಎಲ್ಲಿದ್ದೀನಂತ?

ಟ್ಯಾಬ್ ಹಿಡದು ನಾ ಮುಂದ, ಅಕಿ ಹಿಂದ.
ಹದಿನೆಂಟು. ಹನ್ನೊಂದು. ನಾಕು.
ತೊಗರಿ ಸಾಲಿನಾಗ ಕಲ್ಲು ಮೂರೂ ಇದ್ದವು,
ಮಸಿ ಇನ್ನೂ ಹೋಗಿದ್ದಿಲ್ಲ.
ಸೋನವ್ವ ಏನೂ ಕೇಳಲಿಲ್ಲ.
ಸೆರಗು ಸರಿ ಮಾಡಿಕೊಂಡು
ಒಲಿ ಊದೋರಂಗ ಕುಂತ್ಲು.
ಪರದೆ ಹಸರಾತು.

ಹನ್ನೆರಡನೇ ದಿನಕ್ಕ ಹಪ್ತೆ ಜಮಾ.
ಸೋಲಾಪುರದ ದೊಡ್ಡ ಪರದೆಯೊಳಗ
ನಮ್ಮ ವಾಡಿ ಈಗ ನೂರಕ್ಕ ನೂರು.
ಅಕಿ ಹೆಸರು ಒತ್ತಿದ್ರ ತೆರೀತದ:
ತೊಗರಿ, ಮೂರು ಕಲ್ಲು, ಒಬ್ಬಾಕಿ ಹೆಣ್ಮಗಳು.
ಕೆಳಗ ಬರದದ, ಘರಕುಲ ಪೂರ್ಣ.

ಆ ಕಡೆ ಹೋದಾಗ ಆ ಕಟ್ಟಿ ಮ್ಯಾಲೆ ಕುಂದರ್ತೀನಿ.
ನಿಮ್ಮದು ಯಾವ ಯಾದಿಯೊಳಗ ಅದರೀ ಸಾಹೇಬ್ರ,
ಅಂತಾಳ, ಬಸಿಯೊಳಗ ಚಾ ಸುರುವಿ.
ಬಸಿ ಬಿಸಿ ಇರ್ತದ.
ಎರಡೂ ಕೈಲೆ ಹಿಡೀತೀನಿ.